ರೇಶನ್ ಸಾಲಿನಲ್ಲಿ ಸಕ್ಕರೆ ಕಾಯಿಲೆಯವರು

ಆಂಧ್ರಪ್ರದೇಶದಲ್ಲಿ ಬೀದಿ ಬೀದಿಗೆ ಬರುತ್ತಿದ್ದ ರೇಶನ್ ವಾಹನಗಳು ನಿಂತು, 2025ರ ಜೂನ್ 1ರಿಂದ ಜನರು ಮತ್ತೆ ರೇಶನ್ ಅಂಗಡಿಗೇ ಹೋಗಬೇಕಾಗಿ ಬಂದಿತು. 65 ವರ್ಷ ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮಾತ್ರ ಸಾಮಾನು ಮನೆಗೆ ತಲಪಿಸುವುದೆಂದು ಅಲ್ಲಿನ ಸರಕಾರ ನಿರ್ಧರಿಸಿತು. ಅದಕ್ಕೆ ಸ್ವಲ್ಪ ಮೊದಲು, ಮೇ 20ರಂದು, ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯು ಮುಂದಿನ ಮಹಾಮಾರಿಯನ್ನು ಎದುರಿಸುವ ಬಗೆಗೆ ಒಪ್ಪಂದವೊಂದನ್ನು ಅಂಗೀಕರಿಸಿತ್ತು. ಈ ಎರಡು ಸುದ್ದಿಗಳಿಗೆ ಸಂಬಂಧವೇನೆಂದು ಕೇಳಬಹುದು. ಸಂಬಂಧವಿದೆ. ಲಸಿಕೆಯನ್ನು ದೇಶ ದೇಶಗಳು ಹೇಗೆ ಹಂಚಿಕೊಳ್ಳಬೇಕೆಂಬುದು ದೊಡ್ಡ ಪ್ರಶ್ನೆಯೇ ಸರಿ. ಆದರೆ ಮಹಾಮಾರಿ ಬಂದ ಮೊದಲ ವಾರ ಬಡವನ ಮನೆಯಲ್ಲಿ ಏಳುವ ಪ್ರಶ್ನೆ ಬೇರೆ. ಅಕ್ಕಿ ತರಲು ಯಾರು ಹೋಗಬೇಕು? ಹೋಗಬೇಕಾದವರಿಗೇ ಸಕ್ಕರೆ ಕಾಯಿಲೆ ಇದ್ದರೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ಕರ್ನೂಲು ಜಿಲ್ಲೆಯ ಸಿ. ಬೆಳಗಲ್‌ನ ಕಡೆಯಿಂದ ನೋಡುವುದು ಉಚಿತವೆಂದು ನಮಗೆ ತೋರುತ್ತದೆ. ಅದೊಂದು ಮಂಡಲ ಕೇಂದ್ರ, ಕೋಡುಮೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಮಂಡಲದ ಅಂಚಿನಲ್ಲಿ ತುಂಗಭದ್ರೆ, ನದಿಯಾಚೆ ತೆಲಂಗಾಣ. ಪಶ್ಚಿಮಕ್ಕೆ ಸಾಗಿದರೆ ಆದವಾನಿ, ಆಲೂರು, ಹೊಳಗುಂದಿ ಕಡೆಯ ಕನ್ನಡ ಮನೆಮಾತಿನ ಕುಟುಂಬಗಳು ಸಿಗುತ್ತವೆ. ಆದವಾನಿ ಮತ್ತು ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆಚೆ ಸೇರಿದವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನವರಾದ ನಮಗೆ ಅವರ ಪರಿಸ್ಥಿತಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಜಾರಿಗೆ ಬಂದಾಗ ಆಂಧ್ರದಲ್ಲಿ ಒಂದು ಅನುಕೂಲವಿತ್ತು. ಸುಮಾರು 50 ಮನೆಗಳಿಗೊಬ್ಬರಂತೆ ಗ್ರಾಮ ಸ್ವಯಂಸೇವಕರಿದ್ದರು. ಏಪ್ರಿಲ್ 1ರಂದು ಪಿಂಚಣಿಯನ್ನೂ, 4ರಂದು ಬಡ ಕುಟುಂಬಗಳಿಗೆ 1000 ರೂಪಾಯಿ ಸಹಾಯಧನವನ್ನೂ ಅವರು ಮನೆಬಾಗಿಲಿಗೇ ತಂದುಕೊಟ್ಟರು. ಹಣ ಮನೆಗೆ ಬಂದಿತು. ಅಕ್ಕಿಗೆ ಮಾತ್ರ ರಾಜ್ಯದ ಅನೇಕ ಕಡೆ ಜನರು ಅಂಗಡಿಯ ಮುಂದೆ ಸಾಲು ನಿಂತರು. ಗುಂಪು ಕಂಡ ಮೇಲೆ, ಏಪ್ರಿಲ್ ಮಧ್ಯದ ಎರಡನೆಯ ಕಂತಿಗೆ ಸಮಯ ನಮೂದಿಸಿದ ಚೀಟಿಗಳನ್ನು ಹಂಚಲಾಯಿತು. ಇದೇ ದಿನಗಳಲ್ಲಿ ಕರ್ನೂಲು ಜಿಲ್ಲೆ ಕೊರೊನಾ ಸೋಂಕಿನಲ್ಲಿ ಆಂಧ್ರಕ್ಕೇ ಮುಂದಿತ್ತು ಎಂಬುದನ್ನು ನೆನಪಿಡಬೇಕು.

ಸಾಲಿನಲ್ಲಿ ನಿಲ್ಲುವುದು ಎಲ್ಲರಿಗೂ ಕಷ್ಟವೇ. ಸಕ್ಕರೆ ಕಾಯಿಲೆಯವರಿಗೆ ಅದು ಎರಡು ಬಗೆಯಲ್ಲಿ ಅಪಾಯ. ಒಂದನೆಯದು ಎಲ್ಲರಿಗೂ ಗೊತ್ತಿರುವುದು. ರಕ್ತದಲ್ಲಿ ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಕೊರೊನಾ ತಗಲಿದರೆ ಅದು ಉಲ್ಬಣಿಸುವ ಸಂಭವ ಹೆಚ್ಚು. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ಹಿಡಿದದ್ದು ಮಧುಮೇಹಿಗಳನ್ನೇ. ಎರಡನೆಯ ಅಪಾಯದ ಬಗ್ಗೆ ಮಾತಾಡಿದವರು ಕಡಿಮೆ. ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ, ಸರದಿ ತಪ್ಪೀತೆಂದು ತಿಂಡಿ ಬಿಟ್ಟು ಬಂದವರ ರಕ್ತದಲ್ಲಿ ಸಕ್ಕರೆ ಥಟ್ಟನೆ ಇಳಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕರ್ನೂಲಿನ ಬಿಸಿಲಿನಲ್ಲಿ ಇದನ್ನು ಬಿಸಿಲಿನ ಬಳಲಿಕೆಯೆಂದು ತಿಳಿಯುವುದು ಸುಲಭ. ಕುಡಿದವರೆಂದು ತಿಳಿಯುವವರೂ ಇದ್ದಾರೆ. ಸೋಂಕಿನ ಭಯವಿರುವಾಗ ಬಿದ್ದವರನ್ನು ಎತ್ತಲು ಮುಂದೆ ಬರುವವರೂ ಕಡಿಮೆ.

ಸಾಲು ಮುಗಿದು ಚೀಲ ಮನೆಗೆ ಬಂದರೆ ಅಲ್ಲಿಗೆ ತೊಂದರೆ ತೀರಿತೇ? ಕೇಂದ್ರ ಸರಕಾರದ ಗರೀಬ್ ಕಲ್ಯಾಣ ಅನ್ನ ಯೋಜನೆ 2020ರ ಏಪ್ರಿಲ್‌ನಿಂದ ತಿಂಗಳಿಗೆ ತಲಾ 5 ಕಿಲೋ ಧಾನ್ಯವನ್ನು ಹೆಚ್ಚುವರಿಯಾಗಿ ಉಚಿತವಾಗಿ ಕೊಟ್ಟಿತು. ಬೇಳೆಕಾಳು ಕುಟುಂಬಕ್ಕೆ 1 ಕಿಲೋ. ನಾಲ್ವರ ಮನೆಗೆ 20 ಕಿಲೋ ಅಕ್ಕಿ, ಒಂದು ಕಿಲೋ ಬೇಳೆ. ಹಸಿವನ್ನು ತಡೆದ ಯೋಜನೆಯದು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮಧುಮೇಹಿಯ ತಟ್ಟೆಗೆ ಈ ಲೆಕ್ಕ ಹೊಂದುವುದಿಲ್ಲ. ಜೋಳದ ರೊಟ್ಟಿ, ನವಣೆ ಉಂಡು ಬಂದ ಆ ಸೀಮೆಯಲ್ಲಿ ರೇಶನ್ ಅಂಗಡಿಯಿಂದ ಬಂದದ್ದು ಬಿಳಿ ಅಕ್ಕಿ. ಸಂತೆಗಳು ನಿಂತಿದ್ದುದರಿಂದ ಸೊಪ್ಪು ತರಕಾರಿ ದುರ್ಲಭ. ಜೋಳವೆಂದರೆ ಔಷಧಿಯೆಂದು ನಾವು ಹೇಳುತ್ತಿಲ್ಲ. ಅದೂ ಧಾನ್ಯವೇ, ಅಳತೆ ಮೀರಿದರೆ ಅದೂ ಸಕ್ಕರೆಯನ್ನು ಏರಿಸುತ್ತದೆ. ನಾರಿನ ಅಂಶವಿರುವುದರಿಂದ ಏರಿಕೆ ನಿಧಾನವಾಗುತ್ತದೆ, ಬೇಳೆ ಸೊಪ್ಪಿನ ಜೊತೆ ಉಂಡರೆ ಮತ್ತೂ ನಿಧಾನ, ಅಷ್ಟೆ. ಆ ಆಯ್ಕೆ ಆಗ ಅವರ ಕೈಯಲ್ಲಿರಲಿಲ್ಲ ಎಂಬುದೇ ಮಾತು.

ನಮ್ಮ ಜಿಲ್ಲೆಯ ಅನುಭವವನ್ನೂ ಇದರ ಪಕ್ಕದಲ್ಲಿಡೋಣ. ಕೇರಳದಲ್ಲಿ 2020ರ ಏಪ್ರಿಲ್ ಮೊದಲ ವಾರ ರೇಶನ್ ಕಾರ್ಡಿನ ಕೊನೆಯ ಅಂಕೆಯಂತೆ ದಿನ ಗೊತ್ತುಮಾಡಿದರು. ಆದ್ಯತೆಯ ಕಾರ್ಡಿನವರಿಗೆ ಪೂರ್ವಾಹ್ನ, ಉಳಿದವರಿಗೆ ಅಪರಾಹ್ನ. ಗುಂಪು ಕಡಿಮೆಯಾಯಿತು. ಬಳಿಕ ಹಂಚಿದ 17 ಬಗೆಯ ಉಚಿತ ಕಿಟ್‌ನಲ್ಲಿ ಸಕ್ಕರೆಯೊಂದಿಗೆ ಹೆಸರು, ಕಡಲೆ, ಮೆಂತೆಯೂ ಇದ್ದವು. ಅಕ್ಕಿಯೊಂದನ್ನೇ ನಂಬಿದ ಚೀಲಕ್ಕಿಂತ ಅದು ಎಷ್ಟೋ ಮೇಲು. ಕಠಿಣ ನಿರ್ಬಂಧವಿದ್ದ ಕಡೆಗಳಲ್ಲಿ ಪೊಲೀಸರು ಫೋನಿನಲ್ಲಿ ಪಟ್ಟಿ ಪಡೆದು ಸಾಮಾನು ಮನೆಗೆ ಮುಟ್ಟಿಸಿದರು. ಅಗ್ನಿಶಾಮಕ ದಳದವರು ಔಷಧಿ ತಲಪಿಸಿದರು. ಆದರೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ವೈದ್ಯರನ್ನೂ ಔಷಧಿ ಅಂಗಡಿಗಳನ್ನೂ ನಂಬಿದ್ದ ನಮ್ಮ ಜನ ಕಂಗೆಟ್ಟರು. ಚಿಕಿತ್ಸೆ ಸಿಗದೆ ಜೀವ ಕಳೆದುಕೊಂಡವರಿದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಲು ಆದೇಶಿಸಿ, ವಿಷಯ ಸುಪ್ರೀಂ ಕೋರ್ಟಿಗೆ ಹೋದ ಬಳಿಕವೇ ರೋಗಿಗಳನ್ನು ಒಯ್ಯುವ ಕ್ರಮವೊಂದು ಒಪ್ಪಿಗೆಯಾಯಿತು.

ಈ ಎರಡು ಊರುಗಳ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಾರ್ಡಿನ ಕೊನೆಯ ಅಂಕೆ ನೋಡುವ, ವಯಸ್ಸನ್ನು ಎಣಿಸುವ ಪಟ್ಟಿಗೆ ರೋಗ ಕಾಣುವುದಿಲ್ಲ. 65 ದಾಟಿದ ಗಟ್ಟಿಮುಟ್ಟಾದವರ ಮನೆಗೆ ಅಕ್ಕಿ ಬರುತ್ತದೆ. ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವ 50ರ ಹೆಂಗಸು ಸಾಲಿನಲ್ಲಿ ನಿಲ್ಲಬೇಕು. ಇದು ಯಾರ ಕ್ರೌರ್ಯವೂ ಅಲ್ಲ, ಪಟ್ಟಿಯ ಕುರುಡು. ಅದನ್ನು ನೀಗಿಸುವುದು ಅಸಾಧ್ಯವೂ ಅಲ್ಲ. 2020ರ ಏಪ್ರಿಲ್ ಮಧ್ಯದಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ಹೊರಡಿಸಿದ ಸೂಚನೆಯಲ್ಲಿ, ಗುರುತಿಸಲ್ಪಟ್ಟ ಮಧುಮೇಹಿಗಳಿಗೆ ಆಶಾ ಕಾರ್ಯಕರ್ತೆಯರ ಅಥವಾ ಉಪಕೇಂದ್ರಗಳ ಮೂಲಕ ಮೂರು ತಿಂಗಳ ವರೆಗಿನ ಔಷಧಿ ಕೊಡಬಹುದೆಂದಿತ್ತು. ಅಂದರೆ ಯಾರ ಮನೆಯಲ್ಲಿ ಈ ಕಾಯಿಲೆಯಿದೆಯೆಂಬ ಲೆಕ್ಕ ಆರೋಗ್ಯ ಇಲಾಖೆಯಲ್ಲಿ ಇದ್ದೇ ಇದೆ. ಅದು ಆಹಾರ ಇಲಾಖೆಗೆ ತಲಪುವುದಿಲ್ಲ. ಔಷಧಿ ಒಂದು ದಾರಿ, ಅಕ್ಕಿ ಇನ್ನೊಂದು ದಾರಿ. ಆಂಧ್ರದಲ್ಲಿ ಈಗ ಸ್ವಯಂಸೇವಕರ ವ್ಯವಸ್ಥೆಯೂ ಇಲ್ಲ, ವಾಹನಗಳೂ ಇಲ್ಲ. ನಾಳೆ ಮತ್ತೊಂದು ಸೋಂಕು ಬಂದರೆ ಸಿ. ಬೆಳಗಲ್‌ನ ಮಧುಮೇಹಿ ಎಲ್ಲಿ ನಿಲ್ಲಬೇಕೆಂಬುದನ್ನು ಇಂದೇ ಗೊತ್ತುಮಾಡಬೇಕು. ರೋಗಿಯ ಒಪ್ಪಿಗೆ ಪಡೆದು ಅವರ ರೇಶನ್ ಕಾರ್ಡಿಗೆ ಒಂದು ಗುರುತು ಹಾಕಿದರೆ, ತುರ್ತು ಕಾಲದಲ್ಲಿ ಅಕ್ಕಿಯೂ ಔಷಧಿಯೂ ಒಂದೇ ಕೈಯಲ್ಲಿ ಮನೆಗೆ ಹೋಗಬಹುದು.

ಇದರ ಜೊತೆಗೆ ಭಾಷೆಯ ಪ್ರಶ್ನೆ. ರೇಶನ್ ಸಮಯ ಬದಲಾದ ಸೂಚನೆ, ನಿರ್ಬಂಧದ ಆದೇಶ, ಮಾತ್ರೆಯ ಚೀಟಿ ಇವೆಲ್ಲ ಆಯಾ ರಾಜ್ಯದ ಭಾಷೆಯಲ್ಲಿ ಬರುತ್ತವೆ. ಕನ್ನಡಕ್ಕೂ ತೆಲುಗಿಗೂ ಲಿಪಿ ಹತ್ತಿರದ್ದು. ಕರ್ನೂಲಿನ ಕನ್ನಡಿಗರು ತಡವರಿಸಿಯಾದರೂ ಓದಿಯಾರು. ನಮ್ಮ ಹಳ್ಳಿಯ ಅಜ್ಜಿಗೆ ಮಲಯಾಳ ಅಕ್ಷರದಲ್ಲಿ ಆ ಅನುಕೂಲವೂ ಇಲ್ಲ. ಊಟಕ್ಕೆ ಮೊದಲೋ ಅನಂತರವೋ ಎಂಬ ಒಂದು ಶಬ್ದ ತಪ್ಪಿದರೆ ಸಾಕು, ಸಕ್ಕರೆ ಇಳಿದು ಪ್ರಜ್ಞೆ ತಪ್ಪಲು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನಮ್ಮ ಪಂಚಾಯತುಗಳಲ್ಲಿ ಆರೋಗ್ಯ ಮತ್ತು ರೇಶನ್ ಸೂಚನೆಗಳನ್ನು ಕನ್ನಡದಲ್ಲೂ ಅಚ್ಚುಹಾಕಬೇಕೆಂದು ಓದುಗರು ಕನ್ನಡದಲ್ಲೇ ಬರೆದು ಕೇಳಬೇಕು. ಭಾಷಾಭಿಮಾನದ ಮಾತು ಒತ್ತಟ್ಟಿಗಿರಲಿ, ಇದು ಜೀವದ ಮಾತು.

ಸರಕಾರ ಮಾಡುವುದು ಮಾಡಲಿ. ಮನೆಯವರು ಮಾಡಬೇಕಾದದ್ದೂ ಇದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ಕೇರಳದಲ್ಲಂತೂ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು. ಆದುದರಿಂದ ಇದು ನೆರೆಮನೆಯ ಸುದ್ದಿಯಲ್ಲ. ಸೋಂಕು ಹರಡಿರುವಾಗ ಸಾಮಾನು ತರಲು ಮನೆಯ ಆರೋಗ್ಯವಂತರೊಬ್ಬರು ಹೋಗಲಿ. ಯಾರೂ ಇಲ್ಲದಿದ್ದರೆ ನೆರೆಯವರು ತಮ್ಮ ಚೀಲದೊಂದಿಗೆ ಅವರದನ್ನೂ ತರಲಿ. ಹೋಗಲೇಬೇಕಾದ ಮಧುಮೇಹಿ ತಿಂಡಿ ತಿಂದೇ ಹೊರಡಬೇಕು, ಮುಖಕ್ಕೆ ಮಾಸ್ಕ್, ಕಾಲಿಗೆ ಚಪ್ಪಲಿ, ಕೈಯಲ್ಲಿ ನೀರು, ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಬೇಕು. ನಡುಕ, ಬೆವರು ಕಂಡ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು ಕುಳಿತುಕೊಳ್ಳಬೇಕು. 15 ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ತಂದ ಪೊಟ್ಟಣಗಳನ್ನು ಗಂಟೆಗಟ್ಟಲೆ ತೊಳೆಯಬೇಕಾಗಿಲ್ಲ. ಕೊರೊನಾ ಮುಖ್ಯವಾಗಿ ಹರಡುವುದು ಉಸಿರಿನಿಂದಲೆಂದು ಈಗ ತಿಳಿದಿದೆ. ಕೈಯನ್ನು ಸಾಬೂನಿನಿಂದ ತೊಳೆದರೆ ಸಾಕು, ಗುಂಪನ್ನು ತಪ್ಪಿಸುವುದೇ ಮುಖ್ಯ.

ಔಷಧಿ ಮುಗಿಯಲು ಎರಡು ವಾರ ಇರುವಾಗಲೇ ಮುಂದಿನದನ್ನು ತರಿಸಿಡುವುದು ರೂಢಿಯಾಗಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಮಂಜುಗಟ್ಟಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ, ಬಳಸುತ್ತಿರುವ ಇನ್ಸುಲಿನನ್ನು ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಕುಡಿಕೆಯಲ್ಲಿ ನೆರಳಿಗಿಡಬಹುದು. ಎಷ್ಟು ದಿನ ಬಳಸಬಹುದೆಂಬುದನ್ನು ವೈದ್ಯರಲ್ಲೋ ಔಷಧಿ ಅಂಗಡಿಯಲ್ಲೋ ಕೇಳಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಕೊರೊನಾದ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಸಕ್ಕರೆ ಕಾಯಿಲೆ ಹಾಗೆ ಮುಗಿಯುವುದಲ್ಲ, ರೇಶನ್ ಸಾಲೂ ಮುಗಿದಿಲ್ಲ. ಸೋಂಕು ಬಂದ ಮೇಲೆ ಪಟ್ಟಿ ಬರೆಯಲು ಹೊರಟರೆ ಆಗುವುದೇನೆಂಬುದನ್ನು 2020 ತೋರಿಸಿದೆ. ಆ ಪಟ್ಟಿಯನ್ನು ಈಗಲೇ, ಸಾವಧಾನವಿರುವ ಕಾಲದಲ್ಲೇ ಬರೆಯಬೇಕೆಂದು ಎರಡೂ ರಾಜ್ಯಗಳ ಸರಕಾರಗಳನ್ನು ನಾವು ಒತ್ತಾಯಿಸುತ್ತೇವೆ.