ಮಂಗನ ಸಾವು ಮನುಷ್ಯನಿಗೆ ಎಚ್ಚರಿಕೆ

1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗು ಕಚ್ಚಿ ಹರಡುವ ಹೊಸ ವೈರಸ್ಸು ಇದೆಂದು ಪತ್ತೆ ಹಚ್ಚಿದರು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ.

ಪತ್ತೆಯೇನೋ ಆಯ್ತು, ಮುಂದೆ? ಇದ್ದ ಲಸಿಕೆಗೆ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದು ಕೈಗೆ ಬರೋತನಕ ಸೌದೆ, ದರಗು ತರಲು ಕಾಡಿಗೆ ಹೋಗುವ ಬಡವನ ಗತಿ ಏನು? ಡಿಸೆಂಬರಿಗೆ ಮೊದಲೇ ಮೈಗೆ ಹಚ್ಚುವ ಎಣ್ಣೆ ಹಳ್ಳಿ ಹಳ್ಳಿಗೆ ತಲುಪಬೇಕು. ಜ್ವರ ಬಂದವರ ರಕ್ತಪರೀಕ್ಷೆ ತಡವಾಗಕೂಡದು. ಸತ್ತ ಮಂಗ ಕಂಡವರು ಮುಟ್ಟದೆ, ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಿ. ಪುಣೆಯವರು ಅಂದೇ ಕಾರಣ ಹೇಳಿದ್ದಾರೆ. ಇನ್ನು ಕೆಲಸ ನಮ್ಮ ಸರ್ಕಾರದ್ದು.