ದುಬೈಯಲ್ಲಿ ಕಂಡದ್ದು

ವಿದೇಶಕ್ಕೆ ಹೋಗಿ ಬಂದವರೆಲ್ಲ ರಸ್ತೆ ಕನ್ನಡಿಯ ಹಾಗಿದೆ ಎಂದೇ ಬರೆಯುತ್ತಾರೆ. ನಾನೂ ಮೊದಲ ಸಲ ದುಬೈ ನೋಡಿ ಬಂದೆ. 828 ಮೀಟರಿನ ಬುರ್ಜ್ ಖಲೀಫಾ ನೋಡಿ ಕತ್ತು ನೋಯಿತು, ಅಷ್ಟೆ. 2009ರಲ್ಲಿ ಶುರುವಾದ ಅಲ್ಲಿನ ಮೆಟ್ರೊಗೆ ಡ್ರೈವರೇ ಇಲ್ಲ. ಕಾಂದಿವಲಿಯಲ್ಲಿ ಲೋಕಲಿನ ಬಾಗಿಲಿಗೆ ನೇತಾಡುವ ನಮಗೆ ಅದು ಸೋಜಿಗವೇ ಸರಿ. ಆದರೆ ನನಗೆ ದುಬೈ ಎಂದರೆ ದೇರಾದಿಂದ ಬರ್ ದುಬೈಗೆ ದಾಟಿಸುವ 'ಅಬ್ರಾ' ದೋಣಿ. ಒಂದು ದಿರ್ಹಮ್ ಕೊಟ್ಟು ಕೂತರೆ ಸುತ್ತ ದುಡಿದು ದಣಿದ ಮುಖಗಳು. "ನಿಮ್ದ್ ಯಾವೂರ್ ಮಾರಾಯ್ರೆ?" ಎಂದವನು ಕುಂದಾಪುರದವ, ಊರಿಗೆ ಹೋಗಿ ಮೂರು ವರ್ಷವಾಯಿತಂತೆ. ಕನ್ನಡಿ ರಸ್ತೆಯನ್ನು ಒರೆಸುವವರು ಇಂಥವರೇ ತಾನೆ? ನಮ್ಮ ಹಿರಿಯರು ಮುಂಬಯಿ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇವನ ಕತೆ ನಮ್ಮ ಪ್ರವಾಸ ಲೇಖನಗಳಲ್ಲಿ ಯಾಕಿಲ್ಲ? ಮುಂದಿನ ಸಂಚಿಕೆಗೆ ದುಬೈ ಬಗ್ಗೆ ಬರೆಯುವವರು ದಯವಿಟ್ಟು ಒಮ್ಮೆ ಆ ದೋಣಿಯಲ್ಲಿ ಕೂತು ಬನ್ನಿ.