ಅಳದ ಮಗುವಿನ ನೋವು

ಪ್ರತಿ ಸ್ಮರಣ ಸಂಚಿಕೆಗೂ ಮುಖ್ಯೋಪಾಧ್ಯಾಯಿನಿಯಿಂದ ಒಂದು ಲೇಖನ ಬರತಕ್ಕದ್ದೆಂಬುದು ನಮ್ಮ ಶಾಲೆಯ ವಾಡಿಕೆ. ಪರೀಕ್ಷೆಯ ಫಲಿತಾಂಶಗಳನ್ನೂ ಕಟ್ಟಡ ನಿಧಿಯ ಲೆಕ್ಕವನ್ನೂ ಕಾರ್ಯದರ್ಶಿಗಳು ಬೇರೆಡೆಯಲ್ಲಿ ವಿವರಿಸಿರುವುದರಿಂದ, ಈ ಸಾರಿ ನಾನು ನನ್ನದೇ ಒಂದು ತಪ್ಪನ್ನೂ ಅದರಿಂದ ಕಲಿತುದನ್ನೂ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಇಚ್ಛಿಸುತ್ತೇನೆ. ವಿಷಯವು ಕಾಯಿಲೆಯ ಮಕ್ಕಳ ಶುಶ್ರೂಷೆಗೆ, ಅದರಲ್ಲಿಯೂ ಅವರ ನೋವಿಗೆ ಸಂಬಂಧಪಟ್ಟುದು.

ಕೆಲವು ವರ್ಷಗಳ ಕೆಳಗೆ, ದಸರಾ ರಜೆಯನ್ನು ಮುಗಿಸಿಕೊಂಡು ಬೋರ್ಡಿಂಗಿಗೆ ಹಿಂದಿರುಗಿದ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಎಡಗಾಲಿಗೆ ಬಟ್ಟೆ ಕಟ್ಟಿತ್ತು. ಮನೆಯಲ್ಲಿ ಮುದ್ದೆಗೆಂದು ಇಟ್ಟಿದ್ದ ಎಸರಿನ ಪಾತ್ರೆಯು ಉರುಳಿ, ಮೊಣಕಾಲಿನಿಂದ ಕೆಳಗೆ ಬೆಂದಿತ್ತು. ಎರಡು ದಿನಕ್ಕೊಮ್ಮೆ ಗಾಯವನ್ನು ತೊಳೆದು ಬಟ್ಟೆಯನ್ನು ಬದಲಾಯಿಸಬೇಕಾಗಿದ್ದುದರಿಂದ ನಾನೇ ಆಕೆಯನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆನು. ಅಂಟಿಕೊಂಡ ಬಟ್ಟೆಯನ್ನು ಬಿಡಿಸುವಾಗ ಪಕ್ಕದಲ್ಲಿ ನಿಂತ ದೊಡ್ಡವರೂ ಮುಖ ತಿರುಗಿಸುತ್ತಿದ್ದರು. ಈ ಹುಡುಗಿ ಮಾತ್ರ ತುಟಿ ಕಚ್ಚಿಕೊಂಡು ಗೋಡೆಯನ್ನು ನೋಡುತ್ತಿದ್ದಳು. ದಾದಿಯರು ಹೊಗಳಿದರು. ನಾನು ಅಷ್ಟಕ್ಕೇ ನಿಲ್ಲದೆ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರಿಗೂ ಆಕೆಯ ಧೈರ್ಯವನ್ನು ಕೊಂಡಾಡಿ ಒಂದು ಪುಸ್ತಕವನ್ನು ಬಹುಮಾನವಾಗಿ ಕೊಟ್ಟೆನು.

ಮೂರನೆಯ ವಾರದಲ್ಲಿ ಬೋರ್ಡಿಂಗಿನ ಮೇಟ್ರನ್ ಅಮ್ಮನವರು ನನ್ನ ಕೋಣೆಗೆ ಬಂದು, ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಆ ಹುಡುಗಿ ನಿದ್ದೆ ಮಾಡುವುದೇ ಇಲ್ಲವೆಂದೂ, ಬೆಳಗ್ಗೆ ತಿಂದುದನ್ನೆಲ್ಲ ಕಕ್ಕುತ್ತಾಳೆಂದೂ, ಹೊದಿಕೆಯ ಅಂಚನ್ನು ಕಚ್ಚಿ ಕಚ್ಚಿ ಹರಿದುಹಾಕಿದ್ದಾಳೆಂದೂ ತಿಳಿಸಿದರು. ಕರೆದು ಕೇಳಿದೆನು: “ಇಷ್ಟು ನೋವಿದ್ದರೆ ಯಾಕಮ್ಮ ಹೇಳಲಿಲ್ಲ?” ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಅಂದಳು: “ಅತ್ತರೆ ಆ ಪುಸ್ತಕ ವಾಪಸು ಕೊಡಬೇಕಾಗುತ್ತೆ ಅಂದ್ಕೊಂಡೆ, ಮಿಸ್.”

ಮಗುವಿನ ಬಾಯಿಯನ್ನು ಕಟ್ಟಿದವಳು ನಾನೇ ಎಂಬುದು ಆಗ ನನಗೆ ತಿಳಿಯಿತು. ಮುಂದಿನ ಸಲ ಹೋದಾಗ ವೈದ್ಯರನ್ನು ಕೇಳಿದೆನು. ಅವರು ಆಕೆಯ ತೂಕವನ್ನು ನೋಡಿ, ಗಾಯ ತೊಳೆಯುವ ಮುಂಚೆಯೇ ಕೊಡಬೇಕಾದ ನೋವಿನ ಔಷಧವನ್ನು ಬರೆದುಕೊಟ್ಟರು. ಹಿರಿಯ ದಾದಿಯೊಬ್ಬರು ಬಟ್ಟೆಯನ್ನು ಉಪ್ಪುನೀರಿನಿಂದ ಚೆನ್ನಾಗಿ ನೆನೆಸಿ, ಅದು ತಾನಾಗಿ ಸಡಿಲುವವರೆಗೆ ಕಾದರು. ಆ ದಿನ ಹುಡುಗಿ ಮೊದಲ ಬಾರಿಗೆ ಅತ್ತಳು. ಆ ರಾತ್ರಿ ನಿದ್ದೆಯನ್ನೂ ಮಾಡಿದಳು. ಇಷ್ಟು ಸುಲಭವಾದುದನ್ನು ಅಷ್ಟು ದಿನ ಯಾರೂ ಮಾಡದಿದ್ದುದಕ್ಕೆ ಕಾರಣವೊಂದೇ: ರೋಗಿಯು ಅಳುತ್ತಿರಲಿಲ್ಲ.

ಮಕ್ಕಳ ನೋವಿನ ಬಗ್ಗೆ ಅಲಕ್ಷ್ಯವು ನಮ್ಮಂಥ ಉಪಾಧ್ಯಾಯಿನಿಯರಲ್ಲಿ ಮಾತ್ರವೇ ಇತ್ತೆಂದು ತಿಳಿಯಬಾರದು. ದೊಡ್ಡ ದೊಡ್ಡ ವೈದ್ಯರೇ ಎಳೆಯ ಶಿಶುಗಳಿಗೆ ನೋವು ಸರಿಯಾಗಿ ತಿಳಿಯುವುದಿಲ್ಲವೆಂದು ನಂಬಿದ್ದ ಕಾಲವಿತ್ತು. 1980ರ ದಶಕದವರೆಗೂ ಎಷ್ಟೋ ನವಜಾತ ಶಿಶುಗಳಿಗೆ, ಮೈ ಅಲುಗಾಡದಂತೆ ಮಾಡುವ ಔಷಧವನ್ನು ಕೊಟ್ಟು, ನೋವನ್ನು ತಡೆಯುವುದಕ್ಕೆ ಸಾಕಷ್ಟು ಔಷಧವಿಲ್ಲದೆಯೇ ಶಸ್ತ್ರಕ್ರಿಯೆಗಳನ್ನು ನಡೆಸುತ್ತಿದ್ದರು. ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಮುಖ್ಯರಾದವರು, ನಮ್ಮ ದೇಶದಲ್ಲಿಯೇ ವೈದ್ಯವಿದ್ಯೆಯನ್ನು ಕಲಿತು ಆಕ್ಸ್‌ಫರ್ಡಿಗೆ ಹೋದ ಡಾ. ಕೆ. ಜೆ. ಎಸ್. ಆನಂದ್ ಅವರು. ದಿನ ತುಂಬದೆ ಹುಟ್ಟಿ ಶಸ್ತ್ರಕ್ರಿಯೆಗೆ ಒಳಗಾದ ಶಿಶುಗಳಲ್ಲಿ ಕೆಲವಕ್ಕೆ ಫೆಂಟನಿಲ್ ಎಂಬ ನೋವಿನ ಔಷಧವನ್ನೂ ಸೇರಿಸಿ ಕೊಟ್ಟಾಗ, ಅದಿಲ್ಲದ ಶಿಶುಗಳಿಗಿಂತ ಅವುಗಳ ದೇಹವು ಕಡಮೆ ತಲ್ಲಣಿಸಿ, ಆಮೇಲಿನ ತೊಡಕುಗಳೂ ಕಡಮೆಯಾದುವೆಂದು ಅವರೂ ಅವರ ಸಂಗಡಿಗರೂ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಯಿಲ್ಲದ ಶಿಶುವಿನ ಪರವಾಗಿ ಅದರ ರಕ್ತವೇ ಸಾಕ್ಷಿ ನುಡಿದಂತಾಯಿತು. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವಿವರಣೆಯನ್ನು ತಿದ್ದಿ, ಹೇಳಿಕೊಳ್ಳಲಾರದವರಿಗೆ ನೋವಿಲ್ಲವೆಂದು ಎಣಿಸಕೂಡದೆಂಬುದನ್ನೂ ಸೇರಿಸಿದೆ.

ಇದರಲ್ಲಿ ದಾದಿಯರ ಪಾತ್ರವು ಬಹಳ ದೊಡ್ಡದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಆ ವೃತ್ತಿಯನ್ನು ಹಿಡಿದವರು ಇರುವುದರಿಂದ ಇದನ್ನು ಹೆಮ್ಮೆಯಿಂದ ಬರೆಯುತ್ತೇನೆ. ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳ ಚಿತ್ರವನ್ನು ತೋರಿಸಿ “ನಿನ್ನ ನೋವು ಯಾವುದರ ಹಾಗಿದೆ?” ಎಂದು ಮಗುವನ್ನೇ ಕೇಳುವ ಕ್ರಮವನ್ನು 1980ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಇಬ್ಬರಲ್ಲಿ ಡೋನಾ ವಾಂಗ್ ಎಂಬಾಕೆ ದಾದಿಯೇ. ಇನ್ನೂ ಮಾತು ಬಾರದ ಕೂಸುಗಳಿಗಾಗಿ 1997ರಲ್ಲಿ ಬೇರೊಂದು ಅಳತೆ ಬಂದಿತು. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಎಂಬ ಐದನ್ನು ನೋಡಿ, ಒಂದೊಂದಕ್ಕೂ ಸೊನ್ನೆಯಿಂದ 2ರವರೆಗೆ ಅಂಕ ಕೊಟ್ಟು, ಒಟ್ಟು 10ರಲ್ಲಿ ಎಷ್ಟೆಂದು ಎಣಿಸುವುದು. ಉಪಾಧ್ಯಾಯಿನಿಯರಾದ ನಮಗೆ ಅಂಕ ಕೊಡುವುದು ಹೊಸದಲ್ಲ. ಆದರೆ ಐದರಲ್ಲಿ ಅಳುವು ಒಂದೇ ಒಂದು ಎಂಬುದನ್ನು ಗಮನಿಸಬೇಕು.

ನಮ್ಮ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕೆಂಪಾಪುರದಿಂದ ಮಾಗಡಿ, ರಾಮನಗರಗಳ ಕಡೆಗೆ ಹೋದರೆ ರೇಷ್ಮೆಯೇ ಜೀವನ. ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಕುದಿಯುವ ನೀರಿಗೆ ಕೈಯಿಟ್ಟು ಗೂಡುಗಳನ್ನು ಹುಡುಕುತ್ತಿದ್ದ ಮಕ್ಕಳ ಬೊಬ್ಬೆಯೆದ್ದ ಕೈಗಳ ವಿಚಾರವನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಯು ಲೋಕಕ್ಕೆಲ್ಲ ತಿಳಿಸಿತು. ಆ ಕೈಗಳನ್ನು ಅಷ್ಟು ಕಾಲ ಊರಿನವರು ನೋಡಿರಲಿಲ್ಲವೆ? ನೋಡಿದ್ದರು. ಬಡವರ ಮಕ್ಕಳಿಗೆ ನೋವು ಅಭ್ಯಾಸವಾಗಿಬಿಡುತ್ತದೆಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ, ಅಷ್ಟೆ. ಇನ್ನು ಕಾಮಾಲೆಗೂ ಸೆಳವಿಗೂ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕಿಸುವವರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಅದನ್ನು ಚಿಕಿತ್ಸೆಯೆಂದು ಕರೆಯುವುದಕ್ಕೆ ನನ್ನ ಲೇಖನಿಯು ಒಪ್ಪದು.

“ಸ್ವಲ್ಪ ನೋವು ತಿಂದರೆ ಮಕ್ಕಳು ಗಟ್ಟಿಯಾಗುತ್ತಾರೆ, ಅಮ್ಮಾ, ನೀವು ಮುದ್ದು ಮಾಡಿ ಕೆಡಿಸುತ್ತೀರಿ” ಎಂದು ಪೋಷಕರೊಬ್ಬರು ನನಗೆ ಹೇಳಿದ್ದುಂಟು. ಸಜ್ಜನರು; ಅವರ ಮಾತನ್ನು ತಳ್ಳಿಹಾಕದೆ ವಿಚಾರಿಸಿದೆನು. ಕೆನಡಾ ದೇಶದ ವೈದ್ಯರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕೆ ಉತ್ತರವನ್ನು ಕೊಡುತ್ತದೆ. ನೋವನ್ನು ತಡೆಯುವ ಮುಲಾಮಿಲ್ಲದೆ ಸುನ್ನತಿಯಾದ ಗಂಡುಕೂಸುಗಳು, ನಾಲ್ಕಾರು ತಿಂಗಳ ಮೇಲೆ ಲಸಿಕೆ ಹಾಕಿಸಿಕೊಳ್ಳುವಾಗ, ಮುಲಾಮು ಹಚ್ಚಿಸಿಕೊಂಡ ಕೂಸುಗಳಿಗಿಂತ ಹೆಚ್ಚಾಗಿ ನೊಂದುವು. ಗಟ್ಟಿಯಾಗಲಿಲ್ಲ, ಎಳಸಾದುವು. ನೋವು ದೇವರು ಕೊಟ್ಟ ಶಿಲುಬೆಯೆಂದು ಹೇಳುವವರೂ ನಮ್ಮಲ್ಲಿದ್ದಾರೆ. ಹೊರುವವರು ತಮ್ಮ ಶಿಲುಬೆಯನ್ನು ಹೊರಲಿ, ಮಗುವಿನ ಹೆಗಲಿಗೆ ಅದನ್ನು ಹೊರಿಸುವ ಅಧಿಕಾರವು ದೊಡ್ಡವರಿಗೆ ಇದೆಯೆಂದು ನಾನು ಎಲ್ಲಿಯೂ ಓದಿಲ್ಲ.

ತಾಯಂದಿರಲ್ಲಿ ನನ್ನದೊಂದು ದೂರಿದೆ. ಊಟ ಮಾಡದಿದ್ದರೆ, ಓದದಿದ್ದರೆ, “ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ” ಎಂದು ಹೆದರಿಸುವುದು ನಮ್ಮಲ್ಲಿ ಮನೆಮನೆಯ ಮಾತಾಗಿದೆ. ಹೀಗೆ ಬೆಳೆದ ಮಗುವು ನಿಜವಾಗಿ ಕಾಯಿಲೆ ಬಿದ್ದಾಗ ಆಸ್ಪತ್ರೆಯನ್ನು ಸೆರೆಮನೆಯೆಂದೇ ಭಾವಿಸಿ ತನ್ನ ಹೊಟ್ಟೆನೋವನ್ನು ಮುಚ್ಚಿಡುತ್ತದೆ. “ಸ್ವಲ್ಪವೂ ನೋಯುವುದಿಲ್ಲ” ಎಂಬ ಸುಳ್ಳೂ ಬೇಡ. ಒಂದು ಸಲ ಮೋಸಹೋದ ಮಗುವು ಎರಡನೆಯ ಸಲ ನಂಬುವುದಿಲ್ಲ. ಲಸಿಕೆಯ ಸಮಯದಲ್ಲಿ ಕೂಸನ್ನು ಮಲಗಿಸಿ ಅದುಮಿ ಹಿಡಿಯದೆ ತಾಯಿಯು ಎತ್ತಿಕೊಂಡಿರಬೇಕೆಂದೂ, ಎದೆಹಾಲು ಕುಡಿಯುವ ಕೂಸಿಗೆ ಆಗಲೇ ಹಾಲೂಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಸ್ವಲ್ಪ ದೊಡ್ಡ ಮಗುವಾದರೆ ಕೈಗೊಂದು ಚನ್ನಪಟ್ಟಣದ ಬುಗುರಿಯನ್ನು ಕೊಟ್ಟು ಮಾತಾಡಿಸಿದರೂ ನೋವಿನ ಭಾರವು ತಗ್ಗುತ್ತದೆ. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ತಾಯಿಯು ಹತ್ತಿರವಿರುವುದೇ ಒಂದು ಔಷಧವೆಂಬುದು ಇಂಗ್ಲೆಂಡಿನವರಿಗೂ ತಡವಾಗಿಯೇ ತಿಳಿಯಿತು. ತಾಯಿಯಿಲ್ಲದೆ ಆಸ್ಪತ್ರೆಯಲ್ಲಿ ಉಳಿದ ಎರಡು ವರ್ಷದ ಮಗುವಿನ ಸಂಕಟವನ್ನು ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಚಲಚ್ಚಿತ್ರದಲ್ಲಿ ತೋರಿಸಿದರು. 1959ರ ಪ್ಲಾಟ್ ವರದಿಯು ತಂದೆತಾಯಿಗಳಿಗೆ ವಾರ್ಡಿನ ಬಾಗಿಲನ್ನು ತೆರೆಯಬೇಕೆಂದಿತು. ನಮ್ಮಲ್ಲಿ ದಾದಿಯರು ಸಾಲದೆ ತಾಯಂದಿರು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಉಳಿದರು. ಬಡತನವು ಒಮ್ಮೊಮ್ಮೆ ಸರಿಯಾದ ದಾರಿಯನ್ನೇ ಹಿಡಿಸುತ್ತದೆ.

ಔಷಧದ ವಿಷಯದಲ್ಲಿ ಎರಡು ಬಗೆಯ ತಪ್ಪುಗಳನ್ನು ಕಂಡಿದ್ದೇನೆ. ದೊಡ್ಡವರ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವುದು ಒಂದು. ಪ್ಯಾರಸಿಟಮಾಲಿನ ಪ್ರಮಾಣವು ವಯಸ್ಸಿಗಿಂತ ತೂಕವನ್ನು ಅನುಸರಿಸುತ್ತದೆ: ಕಿಲೋ ಒಂದಕ್ಕೆ 10ರಿಂದ 15 ಮಿಲಿಗ್ರಾಂ, ನಡುವೆ 4 ಗಂಟೆಗೆ ಕಡಮೆಯಿಲ್ಲದ ಅಂತರ, ದಿನಕ್ಕೆ 4 ಸಲಕ್ಕೆ ಮೀರಕೂಡದು. ಜ್ವರದ ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬಾರದು. 12 ವರ್ಷದೊಳಗಿನವರಿಗೆ ನಿಮೆಸುಲೈಡನ್ನು ಸರ್ಕಾರವು 2011ರಲ್ಲಿಯೇ ನಿಷೇಧಿಸಿದೆ. ಸುಟ್ಟ ಗಾಯದ ಮೇಲೆ ಟೂತ್‌ಪೇಸ್ಟು, ಮಸಿ, ಮಂಜುಗಡ್ಡೆ ಯಾವುದೂ ಬೇಡ. ಹರಿಯುವ ತಣ್ಣೀರನ್ನು 20 ನಿಮಿಷ ಹಾಯಿಸಿ, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೊರಡಬೇಕು.

ಬೇಕಾದ ಔಷಧವನ್ನು ಹೆದರಿ ತಡೆಹಿಡಿಯುವುದು ಇನ್ನೊಂದು ತಪ್ಪು. ಕ್ಯಾನ್ಸರಿನಂಥ ರೋಗದಲ್ಲಿ ಮಾರ್ಫೀನ್ ಎಂಬ ಹೆಸರನ್ನು ಕೇಳಿದೊಡನೆ “ಚಟ ಹತ್ತೀತು” ಎಂದು ಮನೆಯವರು ನಡುಗುತ್ತಾರೆ. ವೈದ್ಯರ ಕೈಯಲ್ಲಿ ಸರಿಯಾದ ಪ್ರಮಾಣದಲ್ಲಿ ಅದು ಮಕ್ಕಳಿಗೂ ಸಲ್ಲುವ ಔಷಧವೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದೆ. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳಿಗೂ ಅದು ದುರ್ಲಭವಾಗಿತ್ತು. 2014ರ ತಿದ್ದುಪಡಿಯು ದಾರಿಯನ್ನು ಸ್ವಲ್ಪ ಸುಗಮ ಮಾಡಿತು. ಕಾಯಿದೆ ಸಡಿಲಿದರೂ ಮನಸ್ಸಿನ ಬಿಗಿ ಸಡಿಲಿಲ್ಲ. ವಾಸಿಯಾಗದ ರೋಗಕ್ಕೂ ಶುಶ್ರೂಷೆಯುಂಟೆಂಬುದನ್ನು ಬೆಂಗಳೂರಿನ ಕರುಣಾಶ್ರಯವನ್ನು ನೋಡಿಬಂದವರು ಬಲ್ಲರು. ಅಲ್ಲಿ ಅದಕ್ಕಾಗಿ ರೋಗಿಗಳಿಂದ ಹಣವನ್ನು ಕೇಳುವುದಿಲ್ಲ.

ನಮ್ಮ ಬೋರ್ಡಿಂಗಿನಲ್ಲಿ ಧೈರ್ಯಕ್ಕಾಗಿ ಪುಸ್ತಕ ಕೊಡುವುದನ್ನು ನಿಲ್ಲಿಸಿದ್ದೇನೆ. ಕಾಯಿಲೆಯ ಕೋಣೆಯ ಗೋಡೆಗೆ ಆರು ಮುಖಗಳ ಚಿತ್ರವನ್ನು ಅಂಟಿಸಿದೆ. ಮೇಟ್ರನ್ ಅಮ್ಮನವರು ಒಂದು ನೋಟುಬುಕ್ಕಿನಲ್ಲಿ ಮಗುವು ತೋರಿಸಿದ ಮುಖವನ್ನೂ ಔಷಧ ಕೊಟ್ಟ ವೇಳೆಯನ್ನೂ, ಒಂದು ಗಂಟೆಯ ಮೇಲೆ ಮತ್ತೆ ತೋರಿಸಿದ ಮುಖವನ್ನೂ ಬರೆದಿಡುತ್ತಾರೆ. ಪಾಠ ತಪ್ಪಿಸುವುದಕ್ಕಾಗಿ ಅಳುಮುಖವನ್ನು ತೋರಿಸುವ ಚತುರೆಯರೂ ಇದ್ದಾರೆ, ಇಲ್ಲವೆನ್ನೆನು. ನಾಲ್ಕು ಜನ ನನ್ನನ್ನು ಮೋಸಗೊಳಿಸಿದರೂ ಚಿಂತೆಯಿಲ್ಲ, ಐದನೆಯವಳು ಹೊದಿಕೆಯನ್ನು ಕಚ್ಚದಿದ್ದರೆ ಸರಿ.

ಜೂನ್ ತಿಂಗಳಲ್ಲಿ ಮಕ್ಕಳನ್ನು ಬಿಡಲು ಬರುವ ಪೋಷಕರು ಪ್ರವೇಶದ ಕಾಗದದೊಡನೆ ಮಗುವಿನ ತೂಕವನ್ನೂ, ಒಗ್ಗದ ಔಷಧಗಳನ್ನೂ, ನೋವು ಬಂದಾಗ ಆಕೆ ಮನೆಯಲ್ಲಿ ಏನು ಮಾಡುತ್ತಾಳೆಂಬುದನ್ನೂ ಬರೆದುಕೊಡಬೇಕಾಗಿ ಕೋರುತ್ತೇನೆ. ಅಳುತ್ತಾಳೆಯೇ, ಮೂಲೆ ಹಿಡಿಯುತ್ತಾಳೆಯೇ, ಅಥವಾ ಏನೂ ಆಗದವಳಂತೆ ತಂಗಿಯ ಜಡೆ ಹಾಕುತ್ತ ಕುಳಿತಿರುತ್ತಾಳೆಯೇ? ಅದು ನಿಮಗೆ ತಿಳಿದಿರುವಷ್ಟು ನಮಗೆ ತಿಳಿಯದು.